ಮೂರನೆಯ ಚಕ್ಕೆ

ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಕಡಲಯ್ಯನವರಿಗೆ,

ನಿಮ್ಮ ಚಕ್ಕೆಯ ನಮಸ್ಕಾರಗಳು. ಹೊಸ ವರ್ಷದ ಹೊತ್ತಿಗೇ ಬಂದ ನಿಮ್ಮ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೊಳ್ಳಬೇಡಿ. ಬೈಯಲೇಬೇಕೆಂದಿದ್ದರೆ ಎದುರಿಗೆ ಬಂದು ಬೈಯಿರಿ, ಆ ನೆಪದಲ್ಲಾದರೂ ಒಮ್ಮೆ ಬಂದ ಹಾಗಾಗುತ್ತದೆ. ಕೆಲಸ ಜಾಸ್ತಿಯಿತ್ತು ಎಂದು ಬರೆಯಬಹುದಿತ್ತು. ಆದರೆ ಕಾಲೇಜಿನ ಕಲ್ಲಿನ ಲ್ಯಾಬಿನಲ್ಲಿ ಎಷ್ಟು ಕೆಲಸ ಇರುತ್ತದೆ ಎಂಬುದನ್ನು ನಿಮಗೇ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಹೇಗೆ? ನಿಜ ಏನೆಂದರೆ, ಬರೆಯಲು ಕೂತಾಗಲೆಲ್ಲ ಒಂದು ವಿಷಯಕ್ಕೆ ಬಂದು ಪೆನ್ನು ಮುಚ್ಚಿಡುತ್ತಿದ್ದೆ. ಇವತ್ತೂ ಅಲ್ಲಿಗೇ ಬಂದಿದ್ದೇನೆ. ಅದು ಅಲ್ಲೇ ಇರಲಿ, ಮೊದಲು ಉಳಿದ ಸುದ್ದಿ ಹೇಳುತ್ತೇನೆ.

ನೀವು ಅಜ್ಜನಾದದ್ದು ಓದಿ ತುಂಬಾ ಖುಷಿಯಾಯಿತು. ನಿಮ್ಮ ಮಗಳೂ ಮೊಮ್ಮಗಳೂ ಚೆನ್ನಾಗಿರಲಿ. ಮಗು ನಿಮ್ಮ ಮೂಗನ್ನೇ ಹೊತ್ತುಕೊಂಡು ಬಂದಿದೆ ಎಂದು ಬರೆದಿದ್ದೀರಿ, ಪಾಪ. ಅತ್ತಿಗೆ ನನ್ನ ಭುಜದ ಮೇಲಿಂದ ಬಗ್ಗಿ ನಿಮ್ಮ ಪತ್ರವನ್ನು ಪೂರ್ತಿ ಓದಿದರು. ಅಣ್ಣ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ ಇರುವುದರಿಂದ ಗುಟ್ಟು ಎನ್ನುವುದೇ ಉಳಿದಿಲ್ಲ. ಓದಿ ಮುಗಿಸಿ, "ಈ ಮನುಷ್ಯ ವರ್ಷಕ್ಕೊಂದು ಸಲ ಬರೀತಾನೆ, ನೀನು ವರ್ಷಪೂರ್ತಿ ಓದ್ತೀಯ" ಅಂದರು. ನಾನು ಕೇಳಿಸಿಕೊಳ್ಳದವಳ ಹಾಗೆ ಎದ್ದು ಚಹಾಕ್ಕೆ ನೀರಿಟ್ಟೆ.

ಲ್ಯಾಬು ಹಾಗೇ ಇದೆ. ಅದೇ ಉದ್ದನೆಯ ಕೋಣೆ, ಅದೇ ಸೋರುವ ನಲ್ಲಿ, ಅದೇ ಅಗಲ ಕಿಟಕಿ. ನಾಲ್ಕು ಗಂಟೆಗೆ ನೀವು ಆ ಕಿಟಕಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತ ನಮಗೆಲ್ಲ ಸಮುದ್ರದ ಕಥೆ ಹೇಳುತ್ತಿದ್ದಿರಿ. ಈಗ ಅಲ್ಲಿ ಯಾರೂ ಕೂರುವುದಿಲ್ಲ, ಪ್ರಿಂಟರ್ ಇಟ್ಟಿದ್ದಾರೆ. ಕಲ್ಲು ಅರೆಯಲು ಹೊಸ ಯಂತ್ರ ಬಂದಿದೆ. ಮುಕ್ಕಾಲು ಕೆಲಸ ಅದೇ ಮಾಡುತ್ತದೆ. ಕೊನೆಯ ಕಾಲು ಭಾಗಕ್ಕೆ ಮಾತ್ರ ಈಗಲೂ "ಅಕ್ಕಾ, ಸ್ವಲ್ಪ ಬನ್ನಿ" ಎಂದು ಕರೆಯುತ್ತಾರೆ. ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳನೆಯ ಚಕ್ಕೆ ಮಾಡುವುದು ಯಂತ್ರಕ್ಕೆ ಗೊತ್ತು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಗೊತ್ತಿಲ್ಲ. ನನ್ನ ಬೆರಳಿಗೆ ಗೊತ್ತು ಎಂದು ಎಲ್ಲರೂ ನಂಬಿದ್ದಾರೆ. ಹಾಜರಿಗೂ ಒಂದು ಯಂತ್ರ ತಂದು ಗೋಡೆಗೆ ಹೊಡೆದಿದ್ದಾರೆ. ನಾನು ಬೆರಳಿಟ್ಟರೆ "ಮತ್ತೆ ಪ್ರಯತ್ನಿಸಿ" ಅನ್ನುತ್ತದೆ. ಕಲ್ಲಿನ ಜೊತೆಗೆ ಬೆರಳಿನ ಗೆರೆಯೂ ಅರೆದುಹೋಗಿದೆಯಂತೆ. ಮೂವತ್ತಮೂರು ವರ್ಷ ದುಡಿದರೂ ನಾನು ಬಂದಿದ್ದೇನೆ ಎಂದು ಅದು ಒಪ್ಪುವುದಿಲ್ಲ. ಜೂನ್‌ನಲ್ಲಿ ನಿವೃತ್ತಿ, ಅಲ್ಲಿಯವರೆಗೆ ಪ್ರಯತ್ನಿಸುತ್ತೇನೆ.

ಈಗ ದೊಡ್ಡ ಸುದ್ದಿ. ಕೂತು ಓದಿ.

ಹಳೆಯ ಸುಣ್ಣಕಲ್ಲಿನ ಗಣಿಯ ನೀರನ್ನು ಖಾಲಿ ಮಾಡಿದರು. ನೀವು ಹೋಗುವ ವರ್ಷ ತಳದ ನೀರಿನ ಊಟೆ ಒಡೆದು ತುಂಬಿಕೊಂಡಿತಲ್ಲ, ಅದೇ ಗಣಿ. ಇಪ್ಪತ್ತಾರು ವರ್ಷ ಅದು ಹಸಿರು ನೀರಿನ ಹೊಂಡವಾಗಿತ್ತು. ಯಾರೋ ಹೊಸಬರು ಗುತ್ತಿಗೆ ಹಿಡಿದು ಆರು ಪಂಪು ಇಟ್ಟು ಮೂರು ತಿಂಗಳು ನೀರೆತ್ತಿದರು. ತಳ ಕಂಡ ದಿನ ಊರಿನವರೆಲ್ಲ ನೋಡಲು ಹೋದರು, ನಾನೂ ಅತ್ತಿಗೆಯೂ ಹೋದೆವು. ಕೆಸರು, ಮುರಿದ ಏಣಿ, ಒಂದು ಸೈಕಲ್ಲು. ಅದರ ಕೆಳಗೆ, ಗೋಡೆಯ ಬುಡದಲ್ಲಿ, ನಿಮ್ಮ ನೀಲಿ ಕಲ್ಲಿನ ಪಟ್ಟಿ. ಒಂದು ಗೇಣು ದಪ್ಪ, ಉದ್ದಕ್ಕೂ ಹರಿದಿತ್ತು. ನೋಡುತ್ತಿದ್ದ ಹಾಗೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಅತ್ತಿಗೆ, "ಬಿಸಿಲು ತಾಗಿತೇನೇ?" ಅಂದರು. ಹೌದು ಅಂದೆ.

ನಮ್ಮಲ್ಲಿ ಈಗ ಒಬ್ಬಳು ಸಂಶೋಧಕಿ ಇದ್ದಾಳೆ. ಮುಖಕ್ಕಿಂತ ಕನ್ನಡಕವೇ ದೊಡ್ಡದು, ಎಲ್ಲರೂ ಕನ್ನಡಕದ ಹುಡುಗಿ ಎಂದೇ ಕರೆಯುತ್ತಾರೆ. ಒಳ್ಳೆಯವಳು. ಬಾಯಿ ಒಂದು ನಿಮಿಷ ಸುಮ್ಮನಿರುವುದಿಲ್ಲ, ಕೈ ಮಾತ್ರ ಹದವಾಗಿದೆ. ಅವಳು ಆ ಪಟ್ಟಿಯಿಂದ ಎರಡು ಚೀಲ ಕಲ್ಲು ಹೊತ್ತು ತಂದಳು. ನಾನೇ ಕೊಯ್ದೆ, ನಾನೇ ಅರೆದೆ. ಏಳನೆಯ ಚಕ್ಕೆಯನ್ನು ಅವಳು ಮೈಕ್ರೋಸ್ಕೋಪಿನ ಕೆಳಗಿಟ್ಟು, ತಲೆಯೆತ್ತದೆ, "ಅಕ್ಕಾ, ಬನ್ನಿ, ನೋಡಿ" ಅಂದಳು. ಆ ಹುಡುಗಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನೋಡಿದೆ. ಸುರುಳಿ. ಒಳಗೆ ಪುಟ್ಟ ಪುಟ್ಟ ಕೋಣೆಗಳು.

ಆ ಪಟ್ಟಿ ಯಾವುದೋ ಹಳೆಯ ಕೆರೆಯ ತಳದ ಕೆಸರು, ಅದರಲ್ಲಿ ಜೀವದ ಗುರುತೇ ಇಲ್ಲ ಎಂದು ನಮ್ಮ ಆಗಿನ ಹೆಡ್ ದೊಡ್ಡಯ್ಯ ಪುಸ್ತಕದಲ್ಲೇ ಬರೆದಿದ್ದರು. ಅಲ್ಲ, ಇಲ್ಲಿ ಸಮುದ್ರವಿತ್ತು, ಈ ಕಲ್ಲೆಲ್ಲ ಸಮುದ್ರದ ಜೀವಿಗಳ ಚಿಪ್ಪಿನಿಂದಲೇ ಆದದ್ದು ಎಂದವರು ನೀವೊಬ್ಬರೇ. ಅದಕ್ಕೇ ಅಲ್ಲವೇ ನಿಮಗೆ ಕಡಲಯ್ಯ ಎಂದು ಹೆಸರಿಟ್ಟು ನಗುತ್ತಿದ್ದದ್ದು? ಈಗ ಕನ್ನಡಕದ ಹುಡುಗಿ ಮೇ ತಿಂಗಳಲ್ಲಿ ಪ್ರಬಂಧ ಪ್ರಕಟಿಸುತ್ತಾಳೆ. ಸಮುದ್ರವಿತ್ತು. ನಿಮಗೆ ಮೊದಲು ಹೇಳಬೇಕೆಂದು ಯಾರನ್ನೂ ಕೇಳದೆ ಬರೆಯುತ್ತಿದ್ದೇನೆ.

ಒಂದು ಮಾತು ಉಳಿದಿದೆ. ಅದು ನಿಮ್ಮ ಕಲ್ಲಿನ ಬಗ್ಗೆ. ಆಗ ನೀವು ತಂದ ಆ ಒಂದೇ ಒಂದು ಕಲ್ಲು. ಪ್ರಬಂಧ ನಿಮ್ಮ ಕೈ ಸೇರುವ ಮೊದಲು ಅದನ್ನು ನಾನೇ ನಿಮಗೆ ಹೇಳಬೇಕು. ಇವತ್ತು ಆಗಲಿಲ್ಲ.

ಊಟ ತಿಂಡಿ ಸರಿಯಾಗಿ ಮಾಡಿ. ಮಗುವಿಗೆ ನನ್ನ ಪರವಾಗಿ ಒಂದು ಮುತ್ತು.

ಇಂತಿ,
ಚಕ್ಕೆ

ಮರೆತಿದ್ದೆ: ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಸಮುದ್ರದ ಪಾಠ ಮಾಡುವಾಗಲೂ ನಮ್ಮ ಊರಿನ ಕಲ್ಲಿನ ಮಾತು ಬಂದರೆ ಪುಟ ಮಗುಚಿಬಿಡುತ್ತೇನೆ ಎಂದು ಬರೆದಿದ್ದಿರಿ. ಇನ್ನು ಮುಂದೆ ಮಗುಚಬೇಡಿ.

---

ಮಾರ್ಚ್ ೨, ಶನಿವಾರ

ಕಡಲಯ್ಯನವರಿಗೆ,

ವರ್ಷಕ್ಕೊಂದು ಪತ್ರ ಬರೆಯುವವರು ಹತ್ತೇ ದಿನದಲ್ಲಿ ಉತ್ತರಿಸಿದ್ದೀರಿ, ಅದೂ ನಾಲ್ಕು ಹಾಳೆ. ಪೋಸ್ಟಿನವರು ಕೊಡುವಾಗ, "ಏನಮ್ಮಾ, ದಪ್ಪ ಇದೆ" ಅಂದರು. ಬಾಗಿಲಲ್ಲೇ ನಿಂತು ಓದಿದೆ.

ನನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದಿರಿ, ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿರಿ, ಮುಂದಿನ ಪೀರಿಯಡ್ಡಿನಲ್ಲಿ ಗಣಿತದ ಬದಲು ಮಕ್ಕಳಿಗೆ ಸುಣ್ಣಕಲ್ಲಿನ ಪಾಠ ಮಾಡಿದಿರಿ. ಕಪ್ಪೆಚಿಪ್ಪಿನ ಪುಡಿಯ ಮೇಲೆ ನಿಂಬೆಹಣ್ಣು ಹಿಂಡಿ, ಅದು ನೊರೆಯೆದ್ದಾಗ ಮೇಷ್ಟ್ರು ಅತ್ತರು ಎಂದು ಮಕ್ಕಳು ಮನೆಗೆ ಹೋಗಿ ಹೇಳಿದರಂತೆ. ಇದನ್ನು ಓದುವಾಗ ನಾನು ನಕ್ಕೆ. ಆಮೇಲೆ ಮೂರನೆಯ ಹಾಳೆಗೆ ಬಂದೆ.

"ನನ್ನ ಕಲ್ಲಿನಲ್ಲಿ ಇರಲಿಲ್ಲ. ಅದರ ಪಕ್ಕದ ಕಲ್ಲಿನಲ್ಲಿ ಇತ್ತು. ಒಂದು ಗೇಣು ಈಚೆ ಕೈ ಹಾಕಿದ್ದರೆ ಸಿಕ್ಕಿರುತ್ತಿತ್ತು. ಒಂದು ಗೇಣು ನೋಡಿ, ಚಕ್ಕೆ. ಮನುಷ್ಯನ ಬದುಕು ಅಷ್ಟೇ. ಆದರೆ ನನಗೆ ಬೇಸರವಿಲ್ಲ. ಆ ಕಲ್ಲಿನ ಅಂಚಿನಲ್ಲಿ ಭೂತಗನ್ನಡಿಯಿಂದ ಸುರುಳಿ ಕಂಡೆ ಎಂದುಕೊಂಡೆನಲ್ಲ, ಅದು ನನ್ನ ಕಣ್ಣಿನ ಆಸೆ. ಇಷ್ಟು ವರ್ಷ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಮಗಳು ಆಕಾಶದಲ್ಲಿ ಏನೋ ತೋರಿಸಿದರೂ, ಇದೆಯೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳುತ್ತಿದ್ದೆ."

ಇದು ನಿಮ್ಮ ಮಾತು, ಹಾಗೇ ಎತ್ತಿ ಬರೆದಿದ್ದೇನೆ. ಇದನ್ನು ಎಷ್ಟು ಸಲ ಓದಿದೆ ಎಂದು ಲೆಕ್ಕವಿಟ್ಟಿಲ್ಲ. ಕಡಲಯ್ಯನವರೇ, ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಬರುತ್ತೇನೆ, ಕಿಟಕಿಯ ಕಟ್ಟೆಯ ಮೇಲಿನ ಪ್ರಿಂಟರನ್ನು ಇಳಿಸಿಡಿ, ಚಹಾ ಕುಡಿಯಬೇಕು ಎಂದು ಬರೆದಿದ್ದೀರಿ. ಅತ್ತಿಗೆಗೆ ಹೇಳಿದೆ. ಹೇಳಬಾರದಿತ್ತು. ಮರುದಿನವೇ ಪರದೆಯೆಲ್ಲ ಕಿತ್ತು ನೆನೆಹಾಕಿದರು. "ಮೇಷ್ಟ್ರು ಏನು ತಿಂತಾರೆ? ಬಿಪಿ ಇದೆಯಾ? ಗಡ್ಡ ಬಿಟ್ಟಿದ್ದಾರಾ?" ಎಂದು ತಲೆ ತಿಂದರು. ನನಗೇನು ಗೊತ್ತು, ನೋಡಿ ಇಪ್ಪತ್ತಾರು ವರ್ಷವಾಯಿತು ಅಂದೆ. ಅದಕ್ಕೆ ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಿ, "ಆಗ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದರು. ಅತ್ತಿಗೆ ಹೀಗೆಯೇ. ಗಾಯ ಎಲ್ಲಿದೆಯೋ ಅಲ್ಲಿಗೇ ಕೈ.

ನೀವು ಬರುತ್ತೀರೆಂದರೆ ನನಗೆ ಎಷ್ಟು ಸಂತೋಷವೋ ಅಷ್ಟೇ ಭಯ. ಏಕೆಂದರೆ ಈ ನಡುವೆ ಒಂದು ಸಂಗತಿ ನಡೆದಿದೆ.

ಕನ್ನಡಕದ ಹುಡುಗಿ ಬೀರುವಿನ ಮೇಲಿನ ಹಳೆಯ ಚಕ್ಕೆಗಳ ಪೆಟ್ಟಿಗೆಗಳನ್ನು ಇಳಿಸಿದ್ದಳು. ನೀಲಿ ಪಟ್ಟಿಯ ಬಗ್ಗೆ ಮೊದಲು ಯಾರಾದರೂ ಕೆಲಸ ಮಾಡಿದ್ದಾರಾ ಎಂದು ನೋಡಬೇಕಿತ್ತಂತೆ. ನಿಮ್ಮ ಪೆಟ್ಟಿಗೆ ಸಿಕ್ಕಿತು. ಚಕ್ಕೆ ಅಂಟಿಸಿದ ಗಾಜುಗಳು ಮೂರು, ಒಂದು ಎರಡು ಮೂರು ಎಂದು ನನ್ನ ಕೈಬರಹದ ಚೀಟಿ. ಲ್ಯಾಬಿನ ರಿಜಿಸ್ಟರಿನಲ್ಲೂ ನನ್ನದೇ ಕೈಬರಹ: ಮೂರರಲ್ಲೂ ಏನೂ ಇಲ್ಲ. ಹುಡುಗಿ ಪ್ರಬಂಧದಲ್ಲಿ ಒಂದು ಸಾಲು ಸೇರಿಸಿದಳು. ಈ ಹಿಂದೆ ಇದೇ ಪಟ್ಟಿಯ ಒಂದು ಕಲ್ಲನ್ನು ಪರೀಕ್ಷಿಸಲಾಗಿತ್ತು, ಅದರಲ್ಲಿ ಪಳೆಯುಳಿಕೆ ಇರಲಿಲ್ಲ ಎಂದು. ನನಗೆ ತೋರಿಸಿ, "ಸರಿ ಇದೆಯಾ ಅಕ್ಕಾ?" ಅಂದಳು. ನಾನು ಕೈ ತೊಳೆಯುತ್ತಿದ್ದೆ, ತೊಳೆಯುತ್ತಲೇ ಇದ್ದೆ.

ಎರಡು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ನಿಮ್ಮ ಎರಡನೆಯ ಮತ್ತು ಮೂರನೆಯ ಚಕ್ಕೆಗಳನ್ನು ಒಂದರ ಪಕ್ಕ ಒಂದು ಹಿಡಿದುಕೊಂಡು ಬಂದಿದ್ದಳು. "ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವೆರಡೂ ಒಂದೇ ಹೋಳಿನವು ಅಲ್ವಾ? ನೋಡಿ, ಈ ಬಿಳಿ ಗೆರೆ ಇಲ್ಲಿ ತುಂಡಾಗಿ ಅಲ್ಲಿ ಮುಂದುವರಿಯುತ್ತೆ. ಹಾಗಾದ್ರೆ ಮೂರನೇ ಹೋಳು ಎಲ್ಲಿ ಹೋಯ್ತು?"

ದೊಡ್ಡಯ್ಯನಿಗೆ ಹೊಳೆಯದೆ ಇದ್ದದ್ದು, ನಿಮಗೆ ಹೊಳೆಯದೆ ಇದ್ದದ್ದು, ಈ ಹುಡುಗಿಗೆ ಹೊಳೆಯಿತು. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಆಗಿ ಒಂದು ವಾರವಾಯಿತು. ಅವಳು ಮತ್ತೆ ಕೇಳಿಲ್ಲ. ಮೊದಲು ಗಲಗಲ ಮಾತಾಡುತ್ತಿದ್ದವಳು ಈಗ ನನ್ನ ಎದುರು ಕೆಲಸದ ಮಾತಷ್ಟೇ ಆಡುತ್ತಾಳೆ.

ದಯವಿಟ್ಟು ಒಂದು ಕೆಲಸ ಮಾಡಿ. ಮುಂದಿನ ಕಾಗದ ನಿಮ್ಮ ಕೈ ಸೇರುವವರೆಗೆ ರೈಲಿನ ಟಿಕೆಟ್ ಮಾಡಿಸಬೇಡಿ. ಅದನ್ನು ಓದಿದ ಮೇಲೂ ಬರಬೇಕೆನ್ನಿಸಿದರೆ ಬನ್ನಿ.

ಇಂತಿ,
ಚಕ್ಕೆ

---

ಮಾರ್ಚ್ ೨೭, ಬುಧವಾರ

ಪ್ರೀತಿಯ ಕಡಲಯ್ಯನವರಿಗೆ,

ನೀವು ಕಳಿಸಿದ ಎರಡು ಸಾಲಿನ ಕಾರ್ಡು ಬಂತು. "ಏನೇ ಇರಲಿ, ಬರೆ." ಇಷ್ಟು ವರ್ಷ "ನೀವು, ನೀವು" ಅನ್ನುತ್ತಿದ್ದವರು ಅವಸರದಲ್ಲಿ ಏಕವಚನಕ್ಕಿಳಿದಿದ್ದೀರಿ. ಆ ಕಾರ್ಡನ್ನು ನಾನು ಎಲ್ಲಿಟ್ಟಿದ್ದೇನೆ ಎಂಬುದನ್ನು ಹೇಳುವುದಿಲ್ಲ. ಮತ್ತೆ ತಡಮಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಕ್ಷಮೆಯನ್ನು ಇದೊಂದಕ್ಕೇ ಖರ್ಚು ಮಾಡಿಬಿಡಬೇಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ಕಲ್ಲನ್ನು ಅರೆದ ದಿನವೂ ಬುಧವಾರ. ಹೊತ್ತು ಮಧ್ಯಾಹ್ನ ಮೂರಾಗಿತ್ತು. ಗಣಿಗೆ ನೀರು ನುಗ್ಗಿ ಎರಡು ವಾರ ಕಳೆದಿತ್ತು. ಪಟ್ಟಿಯೆಲ್ಲ ಮುಳುಗಿಹೋಗಿ, ನೀವು ಜೇಬಿನಲ್ಲಿಟ್ಟುಕೊಂಡು ಮೇಲೆ ಹತ್ತಿದ ಮುಷ್ಟಿಗಾತ್ರದ ಕಲ್ಲೊಂದೇ ಉಳಿದಿತ್ತು. ಅದರಲ್ಲಿ ಅರ್ಧವನ್ನು ದೊಡ್ಡಯ್ಯ ಆಸಿಡ್ಡಿಗೆ ಹಾಕಿ ಕರಗಿಸಿ, "ಕೆಸರು, ಬರೀ ಕೆಸರು" ಎಂದು ಷರಾ ಬರೆದಿದ್ದರು. ಮಿಕ್ಕ ಅರ್ಧವನ್ನು ನಾನು ಮೂರು ಹೋಳು ಮಾಡಿದ್ದೆ. ಒಂದನೆಯದರಲ್ಲೂ ಎರಡನೆಯದರಲ್ಲೂ ಏನೂ ಕಾಣಲಿಲ್ಲ. ಮೂರನೆಯದನ್ನು ಗಾಜಿಗೆ ಅಂಟಿಸಿ ಅರೆಯುತ್ತಿದ್ದೆ. ನೀವು ಕ್ಯಾಮೆರಾಕ್ಕೆ ರೀಲು ತರಲು ಪೇಟೆಗೆ ಹೋಗಿದ್ದಿರಿ. ಸಿಕ್ಕರೆ ಇವತ್ತೇ ಫೋಟೋ ಹೊಡೆದು ಕಳಿಸಬೇಕು ಎಂದು ಕುಣಿಯುತ್ತ ಹೋಗಿದ್ದಿರಿ. ದೂರದ ದೇಶದ ಸಂಶೋಧನಾ ಹಡಗಿನವರ ಪತ್ರ ನಿಮ್ಮ ಅಂಗಿಯ ಜೇಬಿನಲ್ಲಿತ್ತು. ಸಾಕ್ಷಿ ಸಿಕ್ಕರೆ ಬನ್ನಿ, ಐದು ವರ್ಷದ ಕೆಲಸ ಎಂದು ಅವರು ಬರೆದಿದ್ದರು. ಅದನ್ನು ನನಗೆ ಎಷ್ಟು ಸಲ ಓದಿ ಹೇಳಿದ್ದಿರಿ ಎಂದರೆ ನನಗೆ ಬಾಯಿಪಾಠವಾಗಿತ್ತು.

ಕೊನೆಯ ಹದದ ಕೆಲಸ ನಿಮಗೆ ಗೊತ್ತು. ಗಾಜಿನ ಹಲಗೆಯ ಮೇಲೆ ನೀರು, ನೀರಿನಲ್ಲಿ ಹಿಟ್ಟಿನಂಥ ಪುಡಿ, ಅದರ ಮೇಲೆ ಚಕ್ಕೆಯನ್ನು ಮಗುಚಿಟ್ಟು, ಮೂರು ಬೆರಳಿನಲ್ಲಿ ಒತ್ತಿ, ಸುತ್ತು ಬಿಡದೆ ಆಡಿಸುವುದು. ಹತ್ತು ಸುತ್ತಿಗೊಮ್ಮೆ ತೊಳೆದು ಬೆಳಕಿಗೆ ಹಿಡಿದು ನೋಡಬೇಕು. ಸುಣ್ಣಕಲ್ಲು ಮೆತ್ತಗಿನ ಕಲ್ಲು, ನಂಬಿ ಕೂತರೆ ಕೈಕೊಡುತ್ತದೆ. ಹಾಗೆ ಒಮ್ಮೆ ತೊಳೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಅದು ಅಲ್ಲಿತ್ತು, ಕಡಲಯ್ಯನವರೇ. ನೀವು ಭೂತಗನ್ನಡಿಯಲ್ಲಿ ಕಂಡ ಸುರುಳಿಯೇ. ನಡುಮಧ್ಯದಲ್ಲಿ, ಮುಕ್ಕಾಗದೆ, ಪೂರ್ತಿಯಾಗಿ. ಒಂದು ಪುಟ್ಟ ಕೋಣೆ, ಅದಕ್ಕಂಟಿಕೊಂಡು ಇನ್ನೊಂದು ತುಸು ದೊಡ್ಡದು, ಅದಕ್ಕಂಟಿಕೊಂಡು ಮತ್ತೊಂದು. ಬೆಳೆದ ಹಾಗೆಲ್ಲ ಹಳೆಯದನ್ನು ಮುಚ್ಚಿ ಹೊಸ ಕೋಣೆ ಕಟ್ಟಿಕೊಂಡು ಹೋಗುವ ಜೀವ ಎಂದು ನೀವೇ ಹೇಳಿದ್ದಿರಿ. ಅದಕ್ಕೆ ಕಣ್ಣಿಲ್ಲ, ಹೆಸರಿಲ್ಲ, ಸಾಸಿವೆಗಿಂತ ಚಿಕ್ಕದು. ಕೋಟಿಗಟ್ಟಲೆ ವರ್ಷದ ಹಿಂದೆ ನಾನು ಕೂತಿದ್ದ ಸ್ಟೂಲಿನ ಜಾಗದಲ್ಲಿ, ನನ್ನ ತಲೆಯ ಮೇಲೆ ಎಷ್ಟೋ ಆಳು ನೀರಿತ್ತು, ಆ ನೀರಿನಲ್ಲಿ ಇದು ಬದುಕಿತ್ತು. ಅಂಥವು ಸತ್ತು ಸತ್ತು ಬಿದ್ದೇ ನಮ್ಮ ನೆಲ, ನಮ್ಮ ಗೋಡೆ, ಅತ್ತಿಗೆ ಪಾತ್ರೆ ತೊಳೆಯುವ ಕಲ್ಲು ಎಲ್ಲ ಆಗಿವೆ ಎಂದು ನೀವು ಹೇಳುವಾಗ ನಾವು ನಗುತ್ತಿದ್ದೆವು. ಆ ಮಧ್ಯಾಹ್ನ ನನಗೆ ನಗು ಬರಲಿಲ್ಲ.

ಒಂದು ಮೂಲೆ ಇನ್ನೂ ಮಸುಕಾಗಿತ್ತು. ಫೋಟೋ ಚೆನ್ನಾಗಿ ಬರಲಿ, ಇನ್ನೂ ಸ್ವಲ್ಪ ತೆಳ್ಳಗಾಗಲಿ ಎಂದು ಮತ್ತೆ ಹಲಗೆಗೆ ಇಟ್ಟೆ. ಕೈ ತಪ್ಪಿತು. ತೊಳೆದು ಎತ್ತಿ ಹಿಡಿದರೆ ಬರೀ ಗಾಜು. ಹಲಗೆಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ನೀರು.

ನೀವು ಬರಲು ಇನ್ನೂ ಒಂದೂವರೆ ಗಂಟೆ ಇತ್ತು. ಎರಡನೆಯ ಹೋಳಿನ ಮಿಕ್ಕ ಚೂರು ಡಬ್ಬಿಯಲ್ಲಿತ್ತು. ಅದನ್ನೇ ಅಂಟಿಸಿ, ಅರೆದು, ಮೂರು ಎಂದು ಚೀಟಿ ಹಚ್ಚಿದೆ. ನೀವು ಬಂದಿರಿ, ಬೆವರಿದ್ದಿರಿ, ಕೈಯಲ್ಲಿ ರೀಲಿನ ಡಬ್ಬಿ. "ಸಿಕ್ತಾ?" ಅಂದಿರಿ. ತಲೆಯಾಡಿಸಿದೆ, ಇಲ್ಲ ಎಂದು. ಎರಡು ದಿನ ನೀವು ಆ ಸುಳ್ಳು ಚಕ್ಕೆಯ ಮೇಲೆ ಕಣ್ಣು ನೆಟ್ಟು ಕೂತಿರಿ. ಎರಡನೆಯ ದಿನ ಸಂಜೆ, "ನೀವೂ ಒಂದು ಸಲ ನೋಡಿ ಚಕ್ಕೆ, ನಿಮ್ಮ ಕಣ್ಣು ನನಗಿಂತ ಚೆನ್ನ" ಎಂದು ಎದ್ದು ಜಾಗ ಕೊಟ್ಟಿರಿ. ನಾನು ಕೂತು ನೋಡುವ ನಾಟಕವಾಡಿದೆ. "ಏನೂ ಇಲ್ಲ" ಎಂದು ಬಾಯಿಬಿಟ್ಟು ಹೇಳಿದ್ದು ಆಗ. ನೀವು ಬೆಳಕಿನ ಸ್ವಿಚ್ಚು ಆರಿಸಿ, ಬಟ್ಟೆಯ ಗವಸು ಹೊದಿಸಿ, ಎರಡೂ ಕೈಯಿಂದ ಅದನ್ನು ಸರಿಮಾಡಿದಿರಿ. ದೊಡ್ಡಯ್ಯ ಎಲ್ಲರೆದುರು, "ಏನ್ರೀ ಕಡಲಯ್ಯ, ನಿಮ್ಮ ಸಮುದ್ರ ಬತ್ತೋಯ್ತಾ?" ಅಂದಾಗ ನೀವು ನಕ್ಕಿರಿ. ಆ ನಗು ನನಗೆ ಈಗಲೂ ಕಾಣುತ್ತದೆ. ಮೂರೇ ತಿಂಗಳಲ್ಲಿ ಕೆಲಸ ಬಿಟ್ಟಿರಿ. ಎಷ್ಟೋ ದೂರದ ಊರಿನ ಶಾಲೆ, ಅಲ್ಲೇ ಮನೆ, ಅಲ್ಲೇ ಮದುವೆ.

ಮೊನ್ನೆ ಸೋಮವಾರ ಕನ್ನಡಕದ ಹುಡುಗಿಯನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡು, "ಕೈ ಎಲ್ಲರದೂ ತಪ್ಪುತ್ತೆ ಅಕ್ಕಾ. ನಾನೇ ಎಷ್ಟು ಹಾಳು ಮಾಡಿದೀನಿ. ಆದ್ರೆ ಹೇಳಬೇಕಿತ್ತು" ಅಂದಳು. ಅಷ್ಟೇ. ಆಮೇಲೆ ರಿಜಿಸ್ಟರ್ ತಂದು ನನ್ನ ಮುಂದಿಟ್ಟಳು. ಹಳೆಯ ಸಾಲಿನ ಕೆಳಗೆ, ಮೂರನೆಯ ಚಕ್ಕೆಯಲ್ಲಿ ಸುರುಳಿ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ, ಅರೆಯುವಾಗ ನಾಶವಾಯಿತು, ನಂತರ ಬೇರೆ ಚೂರನ್ನು ಇಟ್ಟು ಮುಚ್ಚಿಟ್ಟೆ ಎಂದು ಬರೆದು ಸಹಿ ಹಾಕಿದೆ. ಪ್ರಬಂಧದ ಆ ಸಾಲನ್ನು ಅವಳು ತೆಗೆದಳು. ಈ ಪಟ್ಟಿಯಲ್ಲಿ ಸಮುದ್ರಜೀವಿಯನ್ನು ಮೊದಲು ಗುರುತಿಸಿದವರು ಇವರು ಎಂದು ನಿಮ್ಮ ಪೂರ್ತಿ ಹೆಸರು ಹಾಕಿದ್ದಾಳೆ. ಮುಖ್ಯಸ್ಥರು ನನ್ನನ್ನು ಕರೆಸಿ ಮಾತಾಡಿದರು. ಏನಾಗುತ್ತದೋ ಆಗಲಿ, ಅದರ ಚಿಂತೆ ನಿಮಗೆ ಬೇಡ.

ನಿಮ್ಮ ಕಣ್ಣು ಸರಿಯಿತ್ತು. ಒಂದು ಗೇಣೂ ತಪ್ಪಿರಲಿಲ್ಲ. ನಿಮ್ಮ ಕೈ ಸರಿಯಾದ ಜಾಗಕ್ಕೇ ಹೋಗಿತ್ತು. ಇದನ್ನು ನಿಮ್ಮ ಮಗಳಿಗೂ ಹೇಳಿ, ಮೊಮ್ಮಗಳು ಮಾತು ಕಲಿತ ಮೇಲೆ ಅವಳಿಗೂ ಹೇಳಿ.

ಬನ್ನಿ ಎಂದು ಕರೆಯುವ ಬಾಯಿ ನನಗೆ ಉಳಿದಿಲ್ಲ. ಪ್ರಿಂಟರನ್ನು ಮಾತ್ರ ಇಳಿಸಿಟ್ಟಿದ್ದೇನೆ. ನಿಮಗೂ ಮನೆಯವರಿಗೂ ಒಳ್ಳೆಯದಾಗಲಿ. ಮಗು ನೂರು ಕಾಲ ಬಾಳಲಿ, ನಿಮ್ಮ ಮೂಗಿನ ಜೊತೆಗೆ ನಿಮ್ಮ ಹಟವೂ ಅದಕ್ಕೆ ಬರಲಿ.

ಇಂತಿ,
ಚಕ್ಕೆ

ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಹುಡುಗಿಗೆ ಹೇಳಿದ್ದು, ರಿಜಿಸ್ಟರಿನಲ್ಲಿ ಬರೆದದ್ದು, ಮೇಲೆ ನಿಮಗೆ ಬರೆದದ್ದು ಎಲ್ಲ ನಿಜ, ಒಂದು ಮಾತು ಬಿಟ್ಟು. ಕೈ ತಪ್ಪಲಿಲ್ಲ. ನನ್ನ ಕೈ ಯಾವತ್ತೂ ತಪ್ಪಿದ್ದಿಲ್ಲ, ಅದು ನಿಮಗೂ ಗೊತ್ತಿತ್ತು. ಯಾವ ಮೂಲೆಯೂ ಮಸುಕಾಗಿರಲಿಲ್ಲ. ನೋಡಿ ಆದ ಮೇಲೆ ಚಕ್ಕೆಯನ್ನು ಮೇಜಿನ ಮೇಲಿಟ್ಟು, ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿದೆ. ಹಡಗು, ಐದು ವರ್ಷ ಎಂದು ನಿಮ್ಮ ಬಾಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ನನಗಾಗ ಮೂವತ್ತೊಂದು. ನಿಮಗೆ ಒಂದು ಮಾತು ಹೇಳುವ ಧೈರ್ಯ ನನ್ನಲ್ಲಿರಲಿಲ್ಲ, ನಿಮ್ಮನ್ನು ಹೋಗದ ಹಾಗೆ ಮಾಡುವುದು ಮಾತ್ರ ನನ್ನ ಮೂರು ಬೆರಳಿನಲ್ಲಿತ್ತು. ಇದು ಇಲ್ಲದಿದ್ದರೆ ನೀವು ಇಲ್ಲೇ ಇರುತ್ತೀರಿ ಎಂದುಕೊಂಡೆ. ಅದರಲ್ಲಿ ಹದಿಮೂರು ಕೋಣೆಗಳಿದ್ದವು. ಎರಡು ಸಲ ಎಣಿಸಿದೆ, ಆಮೇಲೆ ಅರೆದೆ.